ಅಲ್ಪವಿರಾಮ ಹಾಕಿದ್ದು ಯಾರು?

"ಅಕ್ಕ, ಸಂಜೆಯೊಳಗೆ ಕೋಣೆ ಖಾಲಿ ಮಾಡ್ಬೇಕಂತೆ. ಕೋಣೆ ಹೋದ್ರೆ ಹೋಗ್ಲಿ, ಹೆಸರು ಕೆಡಿಸಿ ಕಳಿಸ್ತಿದ್ದಾರಲ್ಲ!" ನರ್ಸ್ ಹುಡುಗಿ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದಳು.

ಕಂಪ್ಯೂಟರ್ ರಿಪೇರಿ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಯಂತ್ರ ಕೆಟ್ಟರೆ ಯಂತ್ರವನ್ನು ಬಿಚ್ಚುವಳು, ಮನೆ ಕೆಟ್ಟರೆ ಮನೆಯವರನ್ನು ಬಿಚ್ಚುವಳು. ಅವಳ ಚೀಲ ಹೊರುತ್ತಿದ್ದವನು ಕೊರಿಯರ್. ಆ ಕೆಲಸ ಹೋಗಿ ನಾಲ್ಕು ವರ್ಷವಾದರೂ ಹೆಸರು ಅಂಟಿಕೊಂಡಿತ್ತು. ಊರಿನ ಬಾಗಿಲೆಲ್ಲ ತಟ್ಟಿದವನ ಬಾಗಿಲನ್ನು ತಟ್ಟುವವರು ಯಾರೂ ಇರಲಿಲ್ಲ. ಹೀಗಾಗಿ ಕೆಲಸವಿರಲಿ ಬಿಡಲಿ, ಅವನು ಅಂಗಡಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದ.

ನರ್ಸ್ ಬಾಡಿಗೆಗಿದ್ದದ್ದು ಮನೆಯಲ್ಲೇ ಟೈಪಿಂಗ್ ಮಾಡುವ ಹೆಂಗಸಿನ ಬಳಿ. ಅಲ್ಲಿ ಇನ್ನೊಬ್ಬರೆಂದರೆ ಆ ಟೈಪಿಸ್ಟ್ ಹೆಂಗಸಿನ ಅಣ್ಣ, ನಿವೃತ್ತ ಪ್ರೂಫ್ ರೀಡರ್. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು. ಮೂರು ಜನ, ಮೂರು ಕೋಣೆ. ಮೂರರ ಬಾಗಿಲೂ ಮುಚ್ಚಿರುತ್ತಿತ್ತು.

ಸ್ಕ್ರೂ ಅಕ್ಕ ಕೊರಿಯರ್‌ನನ್ನು ಕರೆದುಕೊಂಡು ನರ್ಸ್ ಜೊತೆ ಆ ಮನೆಗೆ ಹೋದಳು. ಟೈಪಿಸ್ಟ್ ಕಂಪ್ಯೂಟರ್ ಹಾಕಿದಳು. ಪರದೆಯ ಮೂಲೆಯಿಂದ ಜಾಹೀರಾತುಗಳು ಚಿಮ್ಮಿದವು. ಒಂದನ್ನು ಮುಚ್ಚಿದರೆ ಎರಡು ಬಂದವು. 'ಒಬಂಟಿಯಾಗಿದ್ದೀರಾ ಸಂಗಾತಿ ಪಕ್ಕದ ಬೀದಿಯಲ್ಲೇ ಇದ್ದಾರೆ!'

"ಕೆಲಸ ಕೊಡೋ ಪ್ರೆಸ್ಸಿನವರು ಕೂತಿದ್ದಾಗ್ಲೇ ಇದು ಬಂತು. ಮಾನ ಮೂರು ಕಾಸಿಗೆ ಹೋಯ್ತು. ಇಂಥದ್ದನ್ನ ನೋಡೋ ವಯಸ್ಸು ಈ ಮನೇಲಿ ಇನ್ಯಾರಿಗಿದೆ?" ಟೈಪಿಸ್ಟ್ ನರ್ಸ್ ಕಡೆ ಕೈ ತೋರಿದಳು.

"ನನ್ನ ಹತ್ರ ಫೋನಿದೆ. ನಿಮ್ಮ ಡಬ್ಬಾ ಯಾಕೆ ಬೇಕು?" ಎಂದಳು ನರ್ಸ್.

ಅಣ್ಣ ಗೋಡೆಗೊರಗಿ ನಿಂತಿದ್ದರು. "ಬಕಾರಕ್ಕೆ ಒತ್ತಿಲ್ಲ, ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ," ಎಂದಷ್ಟೇ ಹೇಳಿದರು.

"ಅಣ್ಣಂಗೆ ಮೌಸ್ ಹಿಡಿಯೋಕೂ ಬರಲ್ಲ. ಅವನನ್ನ ಬಿಡಿ," ಎಂದಳು ತಂಗಿ.

ಸ್ಕ್ರೂ ಅಕ್ಕ ಯಂತ್ರದಲ್ಲಿರುವ ಪ್ರೋಗ್ರಾಂಗಳನ್ನು ತಾರೀಕಿನ ಪ್ರಕಾರ ಜೋಡಿಸಿದಳು. ಯಾರೂ ಕೇಳದ ಮೂರು ಪ್ರೋಗ್ರಾಂಗಳು ಒಂದೇ ದಿನ, ಮಂಗಳವಾರ, ಒಳಗೆ ನುಗ್ಗಿದ್ದವು. ಅದೇ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಯಾರೋ ಇಂಟರ್ನೆಟ್ಟಿನಲ್ಲಿ ಹುಡುಕಿದ್ದರು. ಕೊರಿಯರ್ ಬಗ್ಗಿ ಓದಿದ: 'ಹಳೆಯ ಕಡತದ ಅಕ್ಷರಗಳು ಸರಿಯಾಗಿ ಕಾಣುತ್ತಿಲ್ಲ, ಏನು ಮಾಡಬೇಕು?' ಮಂಗಳವಾರ ತೆರೆದ ಫೈಲ್ ಒಂದೇ, ಆರು ವರ್ಷ ಹಳೆಯದು. ಅಕ್ಕ ಅದನ್ನು ತೆರೆಯಲಿಲ್ಲ.

"ಮಂಗಳವಾರ ಹನ್ನೊಂದಕ್ಕೆ ಯಾರೆಲ್ಲಿದ್ರಿ?"

ಟೈಪಿಸ್ಟ್ ಪ್ರೆಸ್ಸಿಗೆ ಹೋಗಿದ್ದಳು. ಅಣ್ಣ, ನನ್ನ ಕೋಣೆಯಲ್ಲಿದ್ದೆ ಎಂದರು. ನರ್ಸ್ ರಾತ್ರಿಪಾಳಿ ಮುಗಿಸಿ ಮಲಗಿದ್ದಳಂತೆ.

"ನಿದ್ದೆಗೆ ಸಾಕ್ಷಿ ಯಾರಮ್ಮ?" ಎಂದು ಟೈಪಿಸ್ಟ್ ಕುಟುಕಿದಳು.

"ಎಲ್ರೂ ಕೂತ್ಕೊಳ್ಳಿ," ಎಂದಳು ಸ್ಕ್ರೂ ಅಕ್ಕ. ಆ ಮನೆಯಲ್ಲಿ ಮೂವರೂ ಒಟ್ಟಿಗೆ ಕೂತು ಎಷ್ಟು ದಿನವಾಗಿತ್ತೋ, ಒಂದು ಕುರ್ಚಿಯ ಮೇಲಿನ ಕಾಗದದ ಕಟ್ಟನ್ನು ಎಲ್ಲಿಡಬೇಕೆಂದೇ ಯಾರಿಗೂ ಹೊಳೆಯಲಿಲ್ಲ.

"ಈ ಜಾಹೀರಾತುಗಳು ಏನನ್ನೋ ಕದ್ದು ನೋಡಿದ್ದಕ್ಕೆ ಬಂದದ್ದಲ್ಲ. ಯಾರೋ ಪುಕ್ಕಟೆ ಫಾಂಟ್ ಇಳಿಸ್ಕೊಂಡಿದ್ದಾರೆ. ಅದರ ಬೆನ್ನಿಗೆ ಅಂಟಿಕೊಂಡು ಈ ಮೂರು ಬಂದಿವೆ. ಫಾಂಟ್ ಯಾಕೆ ಬೇಕಾಯ್ತು? ಆರು ವರ್ಷದ ಹಿಂದಿನ ಫೈಲ್ ಇವತ್ತಿನ ಯಂತ್ರದಲ್ಲಿ ಕಾಗೆ ಕಾಲು ಗುಬ್ಬಿ ಕಾಲಾಗಿ ಕಾಣ್ತು, ಅದಕ್ಕೆ. ಟೈಪಿಸ್ಟ್ ಅಮ್ಮಂಗೆ ಫಾಂಟ್ ಎಲ್ಲಿ ಸಿಗುತ್ತೆ ಅಂತ ಗೊತ್ತು, ಯಾರನ್ನೂ ಕೇಳಬೇಕಿಲ್ಲ. ಹುಡುಗಿ, ಫೋನಲ್ಲಿ ಕೊನೇದಾಗಿ ಏನು ಹುಡುಕಿದ್ದೆ?"

"ಬಸ್ ಟೈಮ್."

"ಎರಡೇ ಪದ. ಈಗ ಇದನ್ನ ನೋಡಿ. ಫೈಲ್ ಅಲ್ಲ, 'ಕಡತ'. ಅಲ್ಪವಿರಾಮ ಇದೆ, ಪ್ರಶ್ನಾರ್ಥಕ ಇದೆ. ಯಂತ್ರಕ್ಕೂ ಇಷ್ಟು ಮರ್ಯಾದೆಯಿಂದ ಕಾಗದ ಬರೆಯೋರು ಈ ಮನೇಲಿ ಒಬ್ಬರೇ." ಅವಳು ಅಣ್ಣನ ಕಡೆ ತಿರುಗಿದಳು. "ಸಾರ್, ಒಂದಕ್ಷರ ಬಿಡದೆ ಓದಿ ಬದುಕಿದವರು ನೀವು. ಅವತ್ತು ಏನೂ ಓದದೆ 'ಮುಂದೆ, ಮುಂದೆ' ಅಂತ ಒತ್ತಿದ್ದೀರಿ. ಅಷ್ಟೇನು ಅವಸರ?"

"ಅಣ್ಣಾ, ನಿಂಗೆ ಮೌಸೇ..."

"ನೀನಿಲ್ಲದಾಗ ಕಲಿತೆ."

"ಹೇಳೋಕೇನಾಗಿತ್ತು? ಈ ಹುಡುಗಿ ಪೆಟ್ಟಿಗೆ ಕಟ್ಟೋವಾಗ್ಲಾದ್ರೂ!"

"ಹೇಳಿದ್ರೆ ನೀನೂ ಅದನ್ನ ಓದ್ತಿದ್ದೆ." ಅವರು ನೆಲ ನೋಡುತ್ತ ಹೇಳಿದರು, "ನಿನ್ನ ಅತ್ತಿಗೆ ಟೈಪ್ ಮಾಡಿಟ್ಟ ಕಾಗದ. ಯಾರೋ ಮನೆ ಮಾಲೀಕರಿಗೆ. ಒಬ್ಬಳಿಗೆ ಸಾಕಾಗೋ ಒಂದು ಕೋಣೆ ಬಾಡಿಗೆಗೆ ಇದೆಯೇ ಅಂತ. ಆಮೇಲೂ ನಾಲ್ಕು ವರ್ಷ ನನ್ನ ಜೊತೆ ಇದ್ಲು. ಯಾಕಿದ್ಲು ಅಂತ ಈಗ ಯಾರನ್ನ ಕೇಳ್ಲಿ?" ಮತ್ತೆ ಸೇರಿಸಿದರು, "ಒಂದಕ್ಷರ ತಪ್ಪಿರಲಿಲ್ಲ."

ಸ್ಕ್ರೂ ಅಕ್ಕ ಮೂರು ಪ್ರೋಗ್ರಾಂಗಳನ್ನೂ ಕಿತ್ತು ಹಾಕಿದಳು. ಪರದೆ ತೆಪ್ಪಗಾಯಿತು. "ಫಾಂಟನ್ನೂ ತೆಗೀಲಾ?"

"ಇರಲಿ," ಎಂದರು ಅವರು.

ಟೈಪಿಸ್ಟ್ ನರ್ಸ್ ಕಡೆ ನೋಡದೆ, "ತಪ್ಪಾಯ್ತು. ಪೆಟ್ಟಿಗೆ ಬಿಚ್ಚಮ್ಮ," ಎಂದಳು.

"ಹೌದಮ್ಮ, ಇರು," ಎಂದರು ಅಣ್ಣ. "ಮುಂದೆ ಯಾವತ್ತಾದ್ರೂ ಹೋಗೋದಾದ್ರೆ ಹೇಳಿ ಹೋಗು."

"ಈಗ್ಲೇ ಹೇಳಿ ಹೋಗ್ತಿದ್ದೀನಿ, ಅಂಕಲ್. ಬೆಳಗ್ಗೆ ನೀವು ಒಂದು ಮಾತು ಹೇಳಿದ್ದಿದ್ರೆ ಇರ್ತಿದ್ದೆ."

ಕೊರಿಯರ್ ಪೆಟ್ಟಿಗೆ ಎತ್ತಿಕೊಂಡ. ಅಣ್ಣ ಮೆಟ್ಟಿಲವರೆಗೆ ಬಂದರು. ತಂಗಿ ಬರಲಿಲ್ಲ.