ಕರೆ ಕಡಿದ ಸಂಜೆಗಳು

"ಏಯ್, ನಿಲ್ಲು! ಅಲ್ಲೇ ಕೂತ್ಕೋ!"

ಸಮೋವಾದ ಸವಾಯಿ ದ್ವೀಪದ ಆ ಹಳ್ಳಿಯಲ್ಲಿ ಸಂಜೆಯ ಶಂಖ ಊದಿಯಾಗಿತ್ತು. ಇನ್ನು ಎರಡನೆಯ ಶಂಖದವರೆಗೆ ಮನೆಮನೆಯಲ್ಲೂ ಪ್ರಾರ್ಥನೆ. ದಾರಿಯಲ್ಲಿ ಯಾರೂ ನಡೆಯುವಂತಿಲ್ಲ. ಚೀಲ ಹೊತ್ತು ದಾಪುಗಾಲು ಹಾಕುತ್ತಿದ್ದ ಪಟ್ಟಣದವನೊಬ್ಬನನ್ನು ಕಾವಲಿನವರು ಮರದ ಬುಡದಲ್ಲಿ ಕೂರಿಸಿದರು.

ಗೋಡೆಯಿಲ್ಲದ ಮನೆಯೊಳಗಿಂದ ಲೋಸಾ ಅವನನ್ನು ಕಂಡಳು.

ಮಲಾಕಿ!

ಇಷ್ಟು ದಿನ ಫೋನಿನ ಪರದೆಯಲ್ಲಷ್ಟೇ ಕಂಡ ಮುಖ... ತರಗತಿಯಲ್ಲಿ ಟ್ಯಾಬ್ಲೆಟ್ ಬಳಸಿ ಕಲಿಸುವುದನ್ನು ಕಲಿಯಲೆಂದು ಶಿಕ್ಷಕರ ಸ್ನಾತಕೋತ್ತರ ಕೋರ್ಸಿಗೆ ಇಬ್ಬರೂ ಸೇರಿದ್ದರು. ಅವನು ಆಕ್ಲೆಂಡಿನಲ್ಲಿ ಬೆಳೆದು ರಾಜಧಾನಿ ಆಪಿಯಾಕ್ಕೆ ಬಂದ ಮೇಷ್ಟ್ರು; ಇವಳು ಈ ಹಳ್ಳಿಯ ಟೀಚರ್. ಕೋರ್ಸಿನ ಗುರುಗಳು ಒಟ್ಟಿಗೆ ಪಾಠ ಕಟ್ಟಲು ಇಬ್ಬರನ್ನೂ ಜೋಡಿ ಮಾಡಿದ್ದರು. ಮಕ್ಕಳ ಬಾಯಲ್ಲೇ ಅಜ್ಜಿಕಥೆ ಹೇಳಿಸಿ ವಿಡಿಯೊ ಪಾಠ ಕಟ್ಟುತ್ತಾ ಕಟ್ಟುತ್ತಾ, ಅವನ ನಗು ಅವಳ ಮನಸ್ಸಿಗೆ ಇಳಿದೇಬಿಟ್ಟಿತ್ತು.

ಆದರೆ ಹೋದ ವಾರ ಅವನು ತನಗೆ ಬೇರೆ ಜೊತೆಗಾರರು ಬೇಕೆಂದು ಕೇಳಿದ್ದಾನೆಂದು ಗುರುಗಳೇ ತಿಳಿಸಿದರು. ಅಂದೇ ಅವಳು ಕೋರ್ಸ್ ಬಿಡುತ್ತೇನೆಂದು ಬರೆದಳು.

'ದೇವರೇ, ಈಗ ಬಂದದ್ದೇಕೆ ಇವನು?' ಹಾಡುತ್ತಿದ್ದ ಸ್ತೋತ್ರದ ನಡುವೆ ಅದೊಂದೇ ಅವಳ ಮೊರೆ.

ಎರಡನೆಯ ಶಂಖ ಮೊಳಗಿತು. ಮಲಾಕಿ ತಲೆತಗ್ಗಿಸಿ ಲೋಸಾಳ ಮನೆಗೆ ಬಂದು ಚಾಪೆಯಂಚಿಗೆ ಕೂತ.

"ಏನ್ ಮೇಷ್ಟ್ರೇ, ನಿಮ್ಮೂರಲ್ಲಿ ದೇವರಿಗೆ ರಜೆನಾ?" ಅಪ್ಪ ಕೆಣಕಿದರು.

"ಸುಮ್ನೆ ಏಳಿ, ಒಲೆ ಆರ್ತಿದೆ," ಎಂದು ಅಮ್ಮ ಅವರನ್ನು ಎಬ್ಬಿಸಿಕೊಂಡು ಹೋದಳು.

"ದಿನಾ ಸಂಜೆ ಮಾತಿನ ಮಧ್ಯೆ ಕರೆ ಕಡೀತಿದ್ರಿ, ಟೀಚರ್. ನಿಮಗೆ ನಾನು ಬೇಡ ಅಂತ ತಿಳ್ಕೊಂಡು ಬೇರೆ ಜೊತೆ ಕೇಳಿದೆ..."

"ಶಂಖ ಊದಿದ್ಮೇಲೂ ಹರಟೆ ಹೊಡೀತಾರೇನ್ರೀ? ಸಮೋವಾದವರಾಗಿ ಇಷ್ಟೂ ಗೊತ್ತಿಲ್ವಾ?"

"ಆಕ್ಲೆಂಡಿನ ಬೀದೀಲಿ ಶಂಖ ಯಾರು ಊದ್ತಾರೆ? ಇವತ್ತು ಮರದ ಕೆಳಗೆ ಕೂತಾಗ, ಊರೆಲ್ಲ ಒಟ್ಟಿಗೆ ಹಾಡೋದು ಕೇಳಿದಾಗ ಗೊತ್ತಾಯ್ತು."

"ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ!" ಲೋಸಾ ಮುಖ ತಿರುಗಿಸಿದಳು.

"ಕೇಳಬೇಕಿತ್ತು. ತಪ್ಪಾಯ್ತು. ನೀವು ಕೋರ್ಸೇ ಬಿಡ್ತೀರಿ ಅಂದಾಗ ತಡೆಯೋಕಾಗದೆ ಹಡಗು ಹತ್ತಿದೆ. ನಿಮ್ಮ ಶಾಲೆ ಮಕ್ಕಳ ಕಥೆ ನೋಡೋಕೆ ನನ್ನ ಕ್ಲಾಸಿನವು ಹಟ ಹಿಡೀತವೆ. ಬಿಡಬೇಡಿ... ನನ್ನನ್ನೂ ಬಿಡಬೇಡ, ಲೋಸಾ."

'ಬಿಡಬೇಡ' ಎಂಬ ಆ ಏಕವಚನಕ್ಕೆ ಅವಳ ಕಣ್ಣು ತುಂಬಿತು.

"ಕೋರ್ಸ್ ಬಿಡಲ್ಲ."

"ಮತ್ತೆ ನಾನು?"

"ಅಪ್ಪನ್ನ ಕೇಳಿ."

"ಬೇಡ ಅಂದ್ರೆ?"

"ನಾನು ಆಸೆಪಟ್ಟಿದ್ದನ್ನ ಅವರು ಯಾವತ್ತೂ ಬೇಡ ಅಂದಿಲ್ಲ."

"ಅಂದ್ರೆ... ಆಸೆಪಟ್ಟಿದ್ದೀಯಾ?"

ಲೋಸಾ ಚಾಪೆಯ ಮೇಲೆ ಮೆಲ್ಲಗೆ ಅವನ ಪಕ್ಕಕ್ಕೆ ಸರಿದಳು.

"ಹೂಂ... ಯಾವತ್ತಿಂದಲೋ."