ಗುಂಡನಿಗೆ ಇನ್ನೊಂದು ಬಿಸ್ಕತ್ತು

“ಇದನ್ನ ಮಾಡಿದ್ದು ನೀವೇನಾ?”

ಬಾಗಿಲು ತೆರೆದವಳ ಮೂಗಿನ ಮುಂದೆ ಅರ್ಧ ಕಚ್ಚಿದ ಬಿಸ್ಕತ್ತೊಂದು ಬಂದು ನಿಂತಿತು. ಅದನ್ನು ಹಿಡಿದವನ ಮುಖ ಕೆಂಪಗಿತ್ತು... ಚಳಿಗಲ್ಲ, ಸಿಟ್ಟಿಗೆ!

“ಹೌದು, ನಾನೇ. ಯಾಕೆ... ಚೆನ್ನಾಗಿಲ್ವಾ?”

“ತುಂಬಾ ಚೆನ್ನಾಗಿದೆ! ತಿಂದ ನಾಯಿ ಈಗ ನನ್ನ ಆಸ್ಪತ್ರೆಯ ಟೇಬಲ್ ಮೇಲೆ ಬಿದ್ಕೊಂಡಿದೆ. ಈರುಳ್ಳಿ ಹಾಕಿದ್ರಾ ಇದಕ್ಕೆ?”

“ಕೋಳಿ ಬೇಯಿಸುವಾಗ... ಘಮ ಬರಲಿ ಅಂತ...”

“ಘಮ! ಈರುಳ್ಳಿ ನಾಯಿಗೆ ವಿಷ ಕಣ್ರೀ. ಬೆಕ್ಕಿಗಂತೂ ಕೇಳೋದೇ ಬೇಡ. ಬರೀ ಪ್ರೀತಿ ಇದ್ರೆ ಸಾಲದು, ತಿಳಿವಳಿಕೆನೂ ಇರಬೇಕು!”

ಅಷ್ಟು ಹೇಳಿ, ಬಂದಷ್ಟೇ ಬಿರುಸಾಗಿ ಅವನು ಮೆಟ್ಟಿಲಿಳಿದು ಹೋದ. ಬೀದಿಯ ಕೊನೆಯಲ್ಲಿರುವ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರು ಅವನು. ಅವನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಳ್ಳುವುದನ್ನು ಅವಳು ಕೇಳಿದ್ದಳು. ಆ ಮೂಗನ್ನು ಹತ್ತಿರದಿಂದ ನೋಡಿದ್ದು ಮಾತ್ರ ಅವತ್ತೇ.

ಅವಳನ್ನು ಬೀದಿಯವರೆಲ್ಲ ಬಿಸ್ಕತ್ತಕ್ಕ ಎಂದೇ ಕರೆಯುತ್ತಿದ್ದರು. ಚಳಿಗಾಲ ಬಂತೆಂದರೆ ಅವಳ ಓವನ್‌ಗೆ ಬಿಡುವಿರುತ್ತಿರಲಿಲ್ಲ. ನಾಯಿಗಳಿಗೆ ಓಟ್ಸ್, ಸಿಹಿಗುಂಬಳ, ಕೋಳಿ ಬೇಯಿಸಿದ ನೀರು ಕಲಸಿ ಗಟ್ಟಿ ಬಿಸ್ಕತ್ತು. ಬೆಕ್ಕುಗಳಿಗೆ ಮೀನು, ಮೊಟ್ಟೆ ಹಾಕಿದ ಮೆತ್ತನೆಯ ಬಿಲ್ಲೆ. ಚಳಿಗೆ ಮುದುಡಿ ಕೂತ ಜೀವದ ಬಾಯಿಗೆ ಬೆಚ್ಚಗಿನ ತುತ್ತು ಬಿದ್ದಾಗ ಅದು ಕಣ್ಣರಳಿಸುತ್ತದಲ್ಲ, ಅದೊಂದೇ ಅವಳ ಸಂತೋಷ. ಮದುವೆಯ ಮಾತು ಎರಡು ಸಲ ಮುರಿದು ಬಿದ್ದ ಮೇಲೆ ಬೇರೆ ಸಂತೋಷವನ್ನು ಅವಳು ಕೇಳಿಯೂ ಇರಲಿಲ್ಲ.

ಅಂದು ಮಾಡಿಟ್ಟಿದ್ದನ್ನೆಲ್ಲ ಕಸಕ್ಕೆ ಸುರಿದು ಅಳುತ್ತಾ ಕೂತಳು. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಕ್ಕ ಕಾಲು ನಿಲ್ಲಿಸಿದಳು.

“ನೀನು ಅತ್ತರೆ ಆ ನಾಯಿ ಎದ್ದು ಕೂರುತ್ತಾ? ಹೋಗಿ ನೋಡ್ಕೊಂಡು ಬಾ. ಏನು ಹಾಕಬೇಕು, ಏನು ಹಾಕಬಾರದು ಅಂತ ಕಲ್ತುಕೊಂಡು ಬಾ.”

“ಮತ್ತೆ ಬೈತಾರೆ ಅಕ್ಕಾ...”

“ಬೈದರೆ ಮೈಗೇನು ಅಂಟಿಕೊಳ್ಳಲ್ಲ. ಹೋಗೇ!”

ಹೋದಳು. ಪುಣ್ಯಕ್ಕೆ ನಾಯಿ ಬದುಕಿಕೊಂಡಿತ್ತು. ಅವಳ ಊದಿದ ಕಣ್ಣು ನೋಡಿ ಡಾಕ್ಟರ ಮುಖವೂ ಸ್ವಲ್ಪ ಇಳಿಯಿತು.

“ಸ್ವಲ್ಪ ಜೋರಾಗೇ ಮಾತಾಡಿಬಿಟ್ಟೆ...”

“ನನ್ನದೇ ತಪ್ಪು ಡಾಕ್ಟ್ರೇ. ಕಲಿಸಿಕೊಡಿ. ಇನ್ನು ಮುಂದೆ ನಿಮಗೆ ತೋರಿಸದೆ ಯಾರಿಗೂ ಕೊಡಲ್ಲ.”

ಹಾಗೆ ಶುರುವಾಯಿತು. ಈರುಳ್ಳಿ ಹೋಯಿತು, ಬೆಳ್ಳುಳ್ಳಿ ಹೋಯಿತು, ಉಪ್ಪು ಹೋಯಿತು. ಮೊದಲ ಹೊಸ ಬಿಸ್ಕತ್ತನ್ನು ಅವನು ವಾಸನೆ ನೋಡಿ, ಮುರಿದು ನೋಡಿ, ಕೊನೆಗೆ ತನ್ನ ಬಾಯಿಗೇ ಹಾಕಿಕೊಂಡ.

“ಥೂ, ಸಪ್ಪೆ!”

“ನಿಮಗೆ ಮಾಡಿದ್ದಲ್ಲ ಡಾಕ್ಟ್ರೇ!”

ಅವನು ನಕ್ಕ. ಆ ಸಿಡುಕು ಮುಖದ ಹಿಂದೆ ಇಂಥದ್ದೊಂದು ನಗು ಇತ್ತೇ! ಅವಳ ಎದೆ ಧಸಕ್ಕೆಂದಿತು. ಬೇಡ, ಈ ಹುಚ್ಚು ಬೇಡ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಎದೆ ಯಾರ ಬುದ್ಧಿಮಾತು ಕೇಳಿದೆ ಹೇಳಿ?

ಆಸ್ಪತ್ರೆಯ ಒಳಕೋಣೆಯಲ್ಲಿ, ಹೀಟರ್ ಪಕ್ಕ, ಹಳೆಯ ಕಂಬಳಿಯ ಮೇಲೆ ಒಂದು ಮುದಿ ನಾಯಿ ಮಲಗಿರುತ್ತಿತ್ತು. ಹೆಸರು ಗುಂಡ. ಈಗ ಮೂಳೆ ಚರ್ಮ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

“ನಾನು ಓದುವಾಗಿನಿಂದ ಜೊತೇಲಿದ್ದಾನೆ,” ಎಂದ ಡಾಕ್ಟರ್, ಅದರ ಕಿವಿ ಸವರುತ್ತಾ. “ಕಿಡ್ನಿ ಎರಡೂ ಕೈಕೊಟ್ಟಿವೆ. ಚಳಿ ಶುರುವಾದಾಗಿನಿಂದ ಏನೂ ಮುಟ್ಟುತ್ತಿಲ್ಲ. ಊರ ನಾಯಿಗಳಿಗೆಲ್ಲ ಔಷಧಿ ಕೊಡ್ತೀನಿ, ನನ್ನ ನಾಯಿಗೆ ಒಂದು ತುತ್ತು ತಿನ್ನಿಸೋಕಾಗ್ತಿಲ್ಲ ನೋಡಿ.”

“ನಾನು ಪ್ರಯತ್ನ ಮಾಡ್ಲಾ?”

ಮೆತ್ತಗೆ ಬೇಯಿಸಿದ ಅಕ್ಕಿ, ಸಿಹಿಗುಂಬಳ, ಮೊಟ್ಟೆಯ ಬಿಳಿ. ಅಷ್ಟೇ ಸೇರಿಸಿ ಪುಟ್ಟ ಪುಟ್ಟ ಬಿಸ್ಕತ್ತು ಸುಟ್ಟು, ಬೆಚ್ಚಗಿನ ನೀರಲ್ಲಿ ನೆನೆಸಿ, ಬೆರಳ ತುದಿಯಲ್ಲಿ ಹಿಡಿದು ಮರುದಿನ ಬೆಳಿಗ್ಗೆ ಗುಂಡನ ಮುಂದೆ ಕೂತಳು. ಗುಂಡ ಮೂಸಿದ. ಅವಳ ಮುಖ ನೋಡಿದ. ಆಮೇಲೆ ನಿಧಾನವಾಗಿ ಬಾಯಿ ತೆರೆದ.

“ತಿಂದ! ಡಾಕ್ಟ್ರೇ, ತಿಂದ!”

ಅವನು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ಆ ಸಂತೋಷದಲ್ಲೇ ಬಾಯಿ ತಪ್ಪಿ ಆಡಿದವನಂತೆ ಹೇಳಿದ.

“ದೂರದ ಊರಲ್ಲಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಕಾಯ್ತಾ ಇದೆ. ಇವನನ್ನ ಈ ಸ್ಥಿತೀಲಿ ಕರ್ಕೊಂಡು ಹೋಗೋಕಾಗಲ್ಲ. ಇವನು ಇರೋವರೆಗೂ ನಾನು ಇಲ್ಲೇ.”

ಇವನು ಇರೋವರೆಗೂ...

ಅವಳು ಉಳಿದ ಬಿಸ್ಕತ್ತನ್ನು ಡಬ್ಬಿಗೆ ಹಾಕಿದಳು. ಗುಂಡ ಬದುಕಬೇಕು, ಹೇಗಾದರೂ ಬದುಕಬೇಕು ಎಂದು ಅವಳು ಅಂದು ಬೇಡಿಕೊಂಡಿದ್ದು ಗುಂಡನಿಗಾಗಿ ಅಲ್ಲ. ಅದು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳುವ ಧೈರ್ಯ ಮಾತ್ರ ಇರಲಿಲ್ಲ.

ಅಲ್ಲಿಂದ ದಿನವೂ ಅದೇ. ಬೆಳಗಾದರೆ ಬಿಸ್ಕತ್ತಿನ ಡಬ್ಬಿ, ಆಸ್ಪತ್ರೆ, ಗುಂಡನ ಮುಂದೆ ಚಕ್ಕಳಮಕ್ಕಳ. ಆಮೇಲೆ ಅವನು ಮಾಡಿಕೊಡುವ ಒಂದು ಲೋಟ ಚಹಾ. ಅದರಲ್ಲಿ ಸಕ್ಕರೆ ಯಾವತ್ತೂ ಜಾಸ್ತಿ.

“ಡಾಕ್ಟರ್ ಚಹಾ ಕುಡಿದೂ ಕುಡಿದೂ ನಿನ್ನ ಮುಖಕ್ಕೇ ಬಣ್ಣ ಬಂದಿದೆ,” ಅಕ್ಕ ಛೇಡಿಸುತ್ತಿದ್ದಳು. “ಹೇಳಿಬಿಡೇ ಒಂದು ಸಲ.”

“ಹೋಗೋರ ಹತ್ರ ಏನು ಹೇಳೋದು ಅಕ್ಕಾ? ನಾನು ಹೇಳಿದೆ ಅಂತ ಅವರು ಇರ್ತಾರಾ?”

ಗುಂಡ ದಿನದಿಂದ ದಿನಕ್ಕೆ ಸೊರಗುತ್ತಿದ್ದ. ಡಾಕ್ಟರ್ ಅವನ ಕಾಲಿಗೆ ಸೂಜಿ ಚುಚ್ಚಿ ಸಲೈನ್ ಬಾಟಲಿ ಏರಿಸುತ್ತಿದ್ದ. ಗುಂಡ ತೂಕಡಿಸುತ್ತಾ, ನರಳುತ್ತಾ ಬಿದ್ದಿರುತ್ತಿದ್ದ. ಅವಳ ಹೆಜ್ಜೆ ಸದ್ದಾದರೆ ಮಾತ್ರ ಬಾಲ ಒಮ್ಮೆ ನೆಲಕ್ಕೆ ಬಡಿಯುತ್ತಿದ್ದ. ಬಿಸ್ಕತ್ತು ಕೊಟ್ಟರೆ ಬಾಯಿಗೆ ತೆಗೆದುಕೊಳ್ಳುತ್ತಿದ್ದ. ತಿನ್ನುತ್ತಿದ್ದಾನಲ್ಲ, ಇನ್ನೇನು ಬೇಕು ಎಂದು ಅವಳು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಕಣ್ಣಿದ್ದೂ ಕುರುಡಾಗುವುದು ಪ್ರೀತಿಸುವವರಿಗೆ ಚೆನ್ನಾಗಿ ಬರುತ್ತದೆ.

ಒಂದು ಬೆಳಿಗ್ಗೆ ಹೊರಗೆ ಬೆಕ್ಕೊಂದು ಕಿರುಚಿದ ಸದ್ದಿಗೆ ಡಾಕ್ಟರ್ ಓಡಿಹೋದ. ಗುಂಡ ಚಳಿಗೆ ನಡುಗುತ್ತಿದ್ದುದರಿಂದ ಅವಳು ಕಂಬಳಿ ಸರಿಮಾಡಲು ಅದರ ಅಂಚು ಎತ್ತಿದಳು.

ಕೆಳಗೆ ಬಿಸ್ಕತ್ತುಗಳಿದ್ದವು!

ಒಂದಲ್ಲ ಎರಡಲ್ಲ. ನೆನೆದು ಮೆತ್ತಗಾದವು, ಹಲ್ಲೂ ತಾಗದವು, ಇವತ್ತಿನವು, ನಿನ್ನೆಯವು. ಗುಂಡ ಒಂದನ್ನೂ ನುಂಗಿರಲಿಲ್ಲ. ಅವಳ ಕಣ್ಣೆದುರು ಬಾಯಿಗೆ ತೆಗೆದುಕೊಂಡು, ಅವಳು ಆಚೆ ತಿರುಗಿದ ಕೂಡಲೇ ಕಂಬಳಿಯ ಅಡಿಗೆ ತಳ್ಳುತ್ತಿದ್ದ. ಯಾಕೆ? ಬೇಡ ಅಂದರೆ ಅವಳ ಮುಖ ಬಾಡುತ್ತದೆಂದೇ?

ಗುಂಡ ಅವಳನ್ನೇ ನೋಡುತ್ತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. ಬಾಲ ಒಮ್ಮೆ ಅಲುಗಿತು.

“ಅಯ್ಯೋ ನನ್ನಪ್ಪಾ...” ಅವಳು ಬಾಯಿಗೆ ಸೆರಗು ಒತ್ತಿಕೊಂಡು ಮನೆಗೆ ಓಡಿದಳು.

ಎಲ್ಲವನ್ನೂ ಕೇಳಿ ಅಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

“ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದ ಹಾಗಾಯ್ತಲ್ಲೇ,” ಎಂದಳು. “ನಿನ್ನ ಮನಸ್ಸಿನ ಮಾತು ನಿನ್ನ ಗಂಟಲಲ್ಲಿ ಸಿಕ್ಕಿಕೊಳ್ತು. ತುತ್ತು ಅದರ ಗಂಟಲಲ್ಲಿ.”

ಮರುದಿನ ಅವಳು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಓವನ್ ಹಚ್ಚಲಿಲ್ಲ. ಬೀದಿಯ ಬೆಕ್ಕುಗಳು ಬಾಗಿಲಿಗೆ ಬಂದು ಕೂಗಿ ವಾಪಸು ಹೋದವು. ಡಾಕ್ಟರ ಬಳಿ ಹೋಗಿ, ಗುಂಡನನ್ನು ನೆಮ್ಮದಿಯಾಗಿ ಹೋಗಲು ಬಿಟ್ಟುಬಿಡಿ ಎಂದು ಹೇಳಬೇಕಿತ್ತು. ಹೇಳಿದರೆ ಗುಂಡ ಹೋಗುತ್ತಾನೆ, ಅವನ ಹಿಂದೆಯೇ ಡಾಕ್ಟರೂ. ಹೇಳದಿದ್ದರೆ ಆ ಮೂಕ ಜೀವ ನರಳುತ್ತದೆ. ಅತ್ತ ದರಿ, ಇತ್ತ ಪುಲಿ.

ಎರಡನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಡಾಕ್ಟರ್! ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿತ್ತು. ಅಕ್ಕ ಅವನನ್ನು ಒಮ್ಮೆ ನೋಡಿ, ತನ್ನ ಯಂತ್ರಕ್ಕೆ ಮರಳಿ, ಬೇಕೆಂದೇ ಜೋರಾಗಿ ತುಳಿಯತೊಡಗಿದಳು.

“ಯಾಕೆ ಬರಲಿಲ್ಲ? ಅವನು ಬಾಗಿಲೇ ನೋಡ್ತಾ ಮಲಗಿದ್ದಾನೆ. ನಿಮಗೂ ಸಾಕಾಯ್ತಾ?”

“ಅವನು ತಿಂತಿಲ್ಲ ಡಾಕ್ಟ್ರೇ! ಯಾವತ್ತಿನಿಂದ ತಿಂತಿಲ್ವೋ ಏನೋ. ಎಲ್ಲ ಕಂಬಳಿ ಕೆಳಗಿದೆ. ನಾನೇ ನೋಡಿದೆ...”

ಅವನು ಬೆಚ್ಚಿಬೀಳಲಿಲ್ಲ. ತಲೆ ತಗ್ಗಿಸಿದ. ಅವಳಿಗೆ ಏನೋ ಹೊಳೆಯಿತು.

“ನಿಮಗೆ... ಗೊತ್ತಿತ್ತಾ?”

“ಗೊತ್ತಿತ್ತು. ದಿನಾ ಸಂಜೆ ನಾನೇ ತೆಗೆದು ಹಾಕ್ತಿದ್ದೆ. ನಿಮಗೆ ಕಾಣಬಾರದು ಅಂತ. ನೀವು ನೋಡಿದ್ದರ ಹಿಂದಿನ ದಿನ ಕೆಲಸ ಜಾಸ್ತಿಯಾಗಿ ಮರೆತೆ.”

“ಯಾಕೆ? ಡಾಕ್ಟರಾಗಿ... ಅವನ ಸಂಕಟ ಗೊತ್ತಿದ್ದೂ... ಯಾಕೆ?”

“ಗುಂಡ ತಿಂತಿಲ್ಲ ಅಂತ ಗೊತ್ತಾದ್ರೆ ನೀವು ಬರೋದು ನಿಲ್ಲಿಸ್ತೀರಲ್ಲ!” ಅವನ ದನಿ ಒಡೆಯಿತು. “ನೀವು ಬರ್ತಿದ್ದಿದ್ದು ಅವನಿಗೋಸ್ಕರ. ಅವನು ಹೋದ್ರೆ ನನ್ನ ಬಾಗಿಲಿಗೆ ಯಾಕೆ ಬರ್ತೀರಿ? ಇನ್ನೊಂದು ದಿನ, ಇನ್ನೊಂದೇ ದಿನ ಅಂತ ಬಾಟಲಿ ಏರಿಸ್ತಾ ಹೋದೆ. ನನಗೇ ನನ್ನ ಮೇಲೆ ಅಸಹ್ಯ ಆಗ್ತಿದೆ.”

ಅವಳು ಗೋಡೆಗೆ ಒರಗಿ ನಿಂತಳು.

“ಅವನು ಹೋದ್ರೆ ನೀವು ಆ ದೂರದ ಊರಿಗೆ ಹೋಗ್ತೀರಿ ಅಂತ... ನಾನು ತಿನ್ನಿಸ್ತಾ ಇದ್ದೆ.”

“ಆ ಕೆಲಸವಾ? ನೀವು ಎರಡನೇ ಸಲ ಚಹಾ ಕುಡಿದ ದಿನಾನೇ ಬೇಡ ಅಂತ ಫೋನ್ ಮಾಡಿಬಿಟ್ಟೆ.”

ಪಕ್ಕದ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಷ್ಟೋ ಹುಡುಗಿಯರು ಇಂಥ ಮಾತಿಗಾಗಿ ಹಂಬಲಿಸುತ್ತಾರೆ. ಅವಳೂ ಹಂಬಲಿಸಿದ್ದಳು. ಅದು ಸಿಕ್ಕ ಗಳಿಗೆಯಲ್ಲಿ ಅವಳಿಗೆ ಸಂತೋಷವಾಗಲಿಲ್ಲ. ಇವರಿಬ್ಬರ ಬಾಯಿಂದ ಒಂದು ಮಾತು ಹೊರಡದ್ದಕ್ಕೆ ಅಲ್ಲೊಂದು ಜೀವ ಇಡೀ ಚಳಿಗಾಲ ನರಳಿತ್ತು.

“ನಡೀರಿ ಡಾಕ್ಟ್ರೇ,” ಎಂದಳು ಅವಳೇ ಮೊದಲು. “ಅವನು ಕಾಯ್ತಿದ್ದಾನೆ.”

ಆಸ್ಪತ್ರೆಯ ಒಳಕೋಣೆಯಲ್ಲಿ ಹೀಟರ್ ಉರಿಯುತ್ತಿತ್ತು. ಅವಳು ಗುಂಡನ ತಲೆಯ ಬಳಿ ಕೂತು ಎರಡೂ ಅಂಗೈ ಚಾಚಿದಳು. ಗುಂಡ ಕಷ್ಟಪಟ್ಟು ಮೂಗು ಮುಂದೆ ತಂದು ಮೂಸಿದ. ಬಲಗೈ. ಎಡಗೈ. ಎರಡರಲ್ಲೂ ಏನೂ ಇರಲಿಲ್ಲ.

“ಇಲ್ಲ ಕಣೋ, ಏನೂ ತಂದಿಲ್ಲ. ಇನ್ನು ಯಾರೂ ನಿನ್ನನ್ನ ತಿನ್ನು ಅನ್ನಲ್ಲ.”

ಗುಂಡ ಉದ್ದಕ್ಕೊಂದು ಉಸಿರು ಬಿಟ್ಟು, ಅವಳ ಖಾಲಿ ಅಂಗೈಯಲ್ಲಿ ತಲೆಯಿಟ್ಟ. ಡಾಕ್ಟರ್ ಬಾಟಲಿಯ ಕೊಳವೆ ತೆಗೆದ. ಕೊನೆಯ ನಿದ್ದೆಗೆ ಕಳಿಸುವ ಮದ್ದಿನ ಸೂಜಿ ಹಿಡಿದ ಕೈ ನಡುಗಿತು. ಅವಳು ಅವನ ಮಣಿಕಟ್ಟಿನ ಮೇಲೆ ತನ್ನ ಇನ್ನೊಂದು ಕೈ ಇಟ್ಟಳು. ನಡುಕ ನಿಲ್ಲುವವರೆಗೂ ತೆಗೆಯಲಿಲ್ಲ.

ಗುಂಡ ನಿದ್ದೆ ಹೋದಂತೆ ಹೋದ.

ಹಿತ್ತಲಲ್ಲಿ ಮಣ್ಣು ಮುಚ್ಚಿ, ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರು. ಬಿಸಿಲಿದ್ದರೂ ಚಳಿ ಬಿಟ್ಟಿರಲಿಲ್ಲ.

“ನಾವು ಮೊದಲೇ ಹೇಳಿಕೊಂಡಿದ್ರೆ...” ಅವಳು ಅರ್ಧಕ್ಕೇ ನಿಲ್ಲಿಸಿದಳು.

“ಅವನು ಆಗಲೇ ನೆಮ್ಮದಿಯಾಗಿ ಹೋಗ್ತಿದ್ದ.”

“ನನ್ನ ಮುಖ ನೋಡಿದಾಗಲೆಲ್ಲ ನಿಮಗೆ ಇದೇ ನೆನಪಾಗುತ್ತೆ.”

ಅವನು ಸುಳ್ಳು ಹೇಳಲಿಲ್ಲ. “ಆಗುತ್ತೆ. ನಿಮಗೂ ಆಗುತ್ತೆ.”

“ಹಾಗಾದ್ರೆ ಇದರಿಂದ ಯಾವ ಸುಖ ಬರುತ್ತೆ ಡಾಕ್ಟ್ರೇ?”

“ಗೊತ್ತಿಲ್ಲ. ಒಬ್ಬನೇ ಕೂತು ಅಳೋದು ಮಾತ್ರ ನನ್ನ ಕೈಲಾಗಲ್ಲ.” ಅವನು ಮಣ್ಣು ಮೆತ್ತಿದ ಕೈಗಳನ್ನೇ ನೋಡುತ್ತಿದ್ದ. “ನಾಳೆ ಬೆಳಿಗ್ಗೆ... ಬರ್ತೀರಾ?”

“ತರೋದಕ್ಕೆ ಏನೂ ಇಲ್ಲ.”

“ಬರಿಗೈಯಲ್ಲೇ ಬನ್ನಿ.”

ಅವಳು ಮಣ್ಣು ಮೆತ್ತಿದ ಆ ಕೈಯನ್ನು ತೆಗೆದು, ತನ್ನ ಎರಡು ಕೈಗಳ ನಡುವೆ ಬೆಚ್ಚಗೆ ಇಟ್ಟುಕೊಂಡಳು.

“ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಿ,” ಎಂದಳು ಅಳುತ್ತಲೇ.

“ಹೂಂ,” ಎಂದ ಅವನು.