ಗೋಡೆಯಿಂದ ಕಾಣೆಯಾದ ಕುರಿಮಂದೆ

“ಅಕ್ಕ, ನಾನು ತೆಗೆದ ಫೋಟೋನೇ ಗುಡ್ಡಮ್ಮಜ್ಜಿ ಕುತ್ತಿಗೆಗೆ ಬಂತು,” ಎಂದು ಮೀನಾ ಬಾಗಿಲಲ್ಲೇ ನಿಂತು ಹೇಳಿದಳು.

ಶಿಕಾರಿಪುರದ ನಮ್ಮ ಬೀದಿಯಲ್ಲಿ ಯಾರಿಗೆ ಏನೇ ತೊಡಕು ಬಂದರೂ ಮೊದಲು ತಟ್ಟುವುದು ಜ್ಯೋತಿಲಕ್ಷ್ಮಿಯ ಬಾಗಿಲು. ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿ ಬಹಳ ಕಾಲವಾದರೂ ಕೆದಕಿ ನೋಡುವ ಚಾಳಿ ಅವಳನ್ನು ಬಿಟ್ಟಿಲ್ಲ. ನಾನು ನಾಗವೇಣಿ, ಪಕ್ಕದ ಮನೆಯವಳು. ಇಂಥ ಕೆಲಸಗಳಲ್ಲಿ ತಲೆ ಅವಳದ್ದು, ಸ್ಕೂಟರು ನನ್ನದು, ಸಿಟ್ಟೂ ನನ್ನದೇ.

ಮೀನಾ ಸೊರಬದ ಹುಡುಗಿ. ತಾಳಗುಂದದಾಚೆಯ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆಗಳು ಒಂದೊಂದಾಗಿ ಮಂದೆ ಮಾರಿ ಮೆಕ್ಕೆಜೋಳಕ್ಕೆ ಇಳಿಯುತ್ತಿದ್ದವು. ಆ ಬದಲಾವಣೆಯನ್ನು ಫೋಟೋಗಳಲ್ಲಿ ಹಿಡಿದಿಡಬೇಕೆಂದು ಕಳೆದ ಸುಗ್ಗಿಯಲ್ಲಿ ಕೆಲಸ ಶುರುಮಾಡಿದ್ದಳು. ಹಳೇ ರೀಲು ಕ್ಯಾಮೆರಾ, ಕಪ್ಪು ಬಿಳುಪು ಚಿತ್ರಗಳು. ಮೊದಲು ಊರವರು ನೋಡಿ ಒಪ್ಪಲಿ ಎಂದು ಅವನ್ನು ಸಮುದಾಯ ಭವನದ ಗೋಡೆಗೆ ಹಚ್ಚಿದ್ದಳು.

ಪಂಚಮಿ ಕಳೆದ ಮೇಲೆ, ಮೊನ್ನೆ, ಆ ಊರಿನ ರೈತ ಮಲ್ಲಿಕಾರ್ಜುನಪ್ಪನ ಎದೆಯೆತ್ತರದ ಮೆಕ್ಕೆಜೋಳವನ್ನು ಯಾವುದೋ ಮಂದೆ ಮೇದುಹಾಕಿತು. ಅಂದೇ ಗೋಡೆಯಿಂದ ಒಂದು ಚಿತ್ರ ಮಾಯವಾಗಿ ಅವನ ಜಗಲಿಯ ಮೇಲೆ ಬಿದ್ದಿತ್ತು. ಚಿತ್ರದಲ್ಲಿದ್ದುದು ಅವನದೇ ಹೊಲ, ಎತ್ತರದ ಜೋಳದ ದಂಟುಗಳ ನಡುವೆ, ಇನ್ನೂ ಮಂದೆ ಮಾರದೆ ಉಳಿಸಿಕೊಂಡಿದ್ದ ಮುದುಕಿ ಗುಡ್ಡಮ್ಮನ ಕುರಿಗಳು. ಅಲ್ಲಿ ಇಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕೆಂದು ಮಲ್ಲಿಕಾರ್ಜುನಪ್ಪನೇ ಕರೆದು ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡಾಗ ಅದನ್ನು ತೆಗೆದದ್ದು ಎಂದು ಮೀನಾ ಹೇಳಿದರೆ ಯಾರೂ ನಂಬಲಿಲ್ಲವಂತೆ. ಅಂದು ಕರೆದದ್ದು ನಿಜ, ಚಿತ್ರ ಮಾತ್ರ ಈಗಿನ ಬೆಳೆಯದೇ, ನುಗ್ಗುವುದು ಅವುಗಳ ಚಾಳಿ ಎಂದನಂತೆ ಮಲ್ಲಿಕಾರ್ಜುನಪ್ಪ. ಅಜ್ಜಿಯ ಮನೆಯಲ್ಲಿ ಉಂಡವಳು ಅಜ್ಜಿಯ ಪರವೇ ಹೇಳುತ್ತಾಳೆ ಎಂದರಂತೆ. ಮೀನಾ ಬಂದ ದಿನವೇ ಸಂಜೆ ಊರು ಸಭೆ ಕೂಡಲಿತ್ತು. ಗೋಮಾಳಕ್ಕೆ ಅವಳ ಕುರಿ ಬಿಡಬಾರದು ಎಂದಾದರೆ ಗುಡ್ಡಮ್ಮ ಮಂದೆಯನ್ನೇ ಮಾರಬೇಕು. ನನ್ನ ಮೈಯೆಲ್ಲ ಉರಿಯಿತು. ಒಬ್ಬ ಮುದುಕಿಯ ಅನ್ನ ಕಿತ್ತುಕೊಳ್ಳಲು ಅಂಗೈಯಗಲದ ಕಾಗದ ಸಾಕೇ?

ಮಧ್ಯಾಹ್ನವೇ ಹೋದೆವು. ಗುಡ್ಡಮ್ಮನ ಹಟ್ಟಿಯಲ್ಲಿ ಕುರಿಗಳು ಬೋಳುಮೈಯಲ್ಲಿ ನಿಂತಿದ್ದವು. ಪಂಚಮಿಗೆ ಮುಂಚೆಯೇ ಊರ ಮುಂದೆ ಉಣ್ಣೆ ಕತ್ತರಿಸಿದ್ದಾಯಿತು, ಕಂಬಳಿ ನೇಯುವವರಿಲ್ಲದೆ ಅದು ಮೂಲೆಯಲ್ಲಿ ಬಿದ್ದಿದೆ ಎಂದು ಅವಳು ಗೊಣಗಿದಳು. ಅಷ್ಟರಲ್ಲಿ ತೀರ್ಥೇಶ್ ಬಂದ. ಮಲ್ಲಿಕಾರ್ಜುನಪ್ಪನ ಹೊಲಕ್ಕೆ ಅಂಟಿಕೊಂಡೇ ಅವನ ಕೊಟ್ಟಿಗೆ. ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದ. ಅಜ್ಜಿಗೆ ದಂಡ ಬೀಳದಂತೆ ನೋಡಿಕೊಳ್ಳುತ್ತೇನೆ, ಕುರಿಗೆ ಒಳ್ಳೆಯ ಗಿರಾಕಿಯನ್ನೂ ತರುತ್ತೇನೆ ಎಂದ. ಊರಿಗೊಬ್ಬನಾದರೂ ಒಳ್ಳೆಯವನು ಇದ್ದಾನಲ್ಲ ಎಂದುಕೊಂಡೆ.

ಹೊಲದಲ್ಲಿ ಮಳೆ ಹೆಜ್ಜೆಗಳನ್ನೆಲ್ಲ ತೊಳೆದುಬಿಟ್ಟಿತ್ತು. ಜ್ಯೋತಿಲಕ್ಷ್ಮಿ ಗಿಡಗಳನ್ನು ಬುಡದಿಂದ ತುದಿಯವರೆಗೆ ನೋಡಿದಳು. ಸುಳಿ, ಮೇಲಿನ ಗರಿಗಳು ಹೋಗಿದ್ದವು. ಕೆಳಗಿನ ಗರಿಗಳು ಹಾಗೇ ಇದ್ದವು. ಆಮೇಲೆ ಬೇಲಿಗುಂಟ ನಡೆದು ಒಂದು ಕಡೆ ನಿಂತಳು. ಒಣಗಿದ ಜಾಲಿಮುಳ್ಳಿನ ನಡುವೆ ಅಲ್ಲಿ ಮಾತ್ರ ಹೊಸ ಮುಳ್ಳು ಒತ್ತಿದ್ದರು, ಎಲೆ ಇನ್ನೂ ಹಸಿರಾಗಿತ್ತು. ವಿಚಾರಿಸಿದರೆ, ಈ ಮಳೆಗಾಲದಲ್ಲಿ ಬೇಲಿ ಮುಟ್ಟಿಯೇ ಇಲ್ಲ ಎಂದ ಮಲ್ಲಿಕಾರ್ಜುನಪ್ಪ.

ಸಂಜೆ ಭವನ ತುಂಬಿತ್ತು. ಗುಡ್ಡಮ್ಮ ಬಾಗಿಲ ಬಳಿ ಮುದುಡಿ ಕೂತಿದ್ದಳು. ಜ್ಯೋತಿಲಕ್ಷ್ಮಿ ಚಿತ್ರವನ್ನು ಮಲ್ಲಿಕಾರ್ಜುನಪ್ಪನ ಕೈಗಿತ್ತಳು.

“ಕುರಿ ಮೈಮೇಲೆ ಏನೈತಿ ನೋಡ್ರಿ.”

“ಉಣ್ಣೆ,” ಎಂದವನು ಅಲ್ಲೇ ತಡೆದ. “ಮೈತುಂಬ ಉಣ್ಣೆ ಐತಲ್ರೀ.”

ಅವಳು ಒಂದೊಂದಾಗಿ ಬಿಡಿಸಿದಳು. ಉಣ್ಣೆ ಕತ್ತರಿಸಿದ್ದು ಪಂಚಮಿಗೆ ಮುಂಚೆ, ಇಡೀ ಊರೇ ನೋಡಿದೆ. ಜೋಳ ಎದೆಯೆತ್ತರಕ್ಕೆ ಬಂದದ್ದೂ ಹೋದದ್ದೂ ಪಂಚಮಿಯ ಮೇಲೆ. ಹಾಗಾಗಿ ಚಿತ್ರ ಈ ಬೆಳೆಯದಾಗಲು ಸಾಧ್ಯವಿಲ್ಲ, ಮೀನಾ ಹೇಳಿದ್ದೇ ನಿಜ. ಬಣ್ಣವಿದ್ದಿದ್ದರೆ ಅದು ಒಣದಂಟೆಂದು ಮಕ್ಕಳಿಗೂ ತಿಳಿಯುತ್ತಿತ್ತು. ಇನ್ನು ಕುರಿ ಬಗ್ಗಿ ಮೇಯುವ ಪ್ರಾಣಿ, ಬುಡದ ಗರಿ ಬಿಟ್ಟು ಎದೆಯೆತ್ತರದ ಸುಳಿಗೆ ಬಾಯಿ ಹಾಕುವುದಿಲ್ಲ. ಮೇದದ್ದು ದನ. ಅವು ನುಗ್ಗಿದ ಕಂಡಿಯನ್ನು ಯಾರೋ ಆಮೇಲೆ ಮುಚ್ಚಿದ್ದಾರೆ. ಹೊಸ ಮುಳ್ಳಿನ ಬುಡಗಳೆಲ್ಲ ಇರುವುದು ಪಕ್ಕದ ಕೊಟ್ಟಿಗೆಯ ಕಡೆಗೆ, ಅಂದರೆ ಒತ್ತಿದವರು ಆ ಕಡೆಯಿಂದ ಒತ್ತಿದ್ದಾರೆ.

“ಕುರಿ ಮೇದ್ವು ಅಂತ ಸುಳ್ಳು ಸಾಕ್ಷಿ ಬೇಕಾಗಿದ್ದು ಮೇದ ದನದ ಒಡೆಯಗೆ ಮಾತ್ರ. ಹೌದಲ್ರೀ, ತೀರ್ಥೇಶಣ್ಣ?”

ಹಂದಿ ಬರದಿರಲಿ ಎಂದು ಮುಳ್ಳು ಒತ್ತಿದೆ ಎಂದ ಅವನು. ಹಾಗಾದರೆ ಹೊಲದವನಿಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

“ಹಗ್ಗ ಹರ್ಕೊಂಡು ಹೋದ್ವು,” ಎಂದ ಕೊನೆಗೆ. “ಫೋಟೋ ನಾನೇ ಇಟ್ಟೆ. ದಂಡ ಕಟ್ತೀನಿ ಬಿಡ್ರಿ.”

ಹೋಗಲಿ ಬಿಡಿ, ನಮ್ಮನಮ್ಮಲ್ಲಿ ಇಷ್ಟಕ್ಕೆಲ್ಲ ಯಾಕೆ ಎಂದು ನಾಲ್ಕಾರು ಜನ ಶುರುಮಾಡಿದರು. ಆಗತಾನೆ ಮುದುಕಿಯ ಕುರಿ ಹೊರಡಿಸಲು ಸಿದ್ಧವಿದ್ದ ಬಾಯಿಗಳೇ ಅವು. ಅವಳದ್ದಾದರೆ ಮಹಾಪರಾಧ, ಇವನದ್ದಾದರೆ ಹೋಗಲಿ ಬಿಡಿ. ಇದು ಯಾವ ಸೀಮೆ ನ್ಯಾಯ ಎಂದು ನಾನು ಎದ್ದು ಕೇಳಿಯೇಬಿಟ್ಟೆ. ಗೋಮಾಳದ ಮಾತು ಅಲ್ಲಿಗೆ ಬಿದ್ದುಹೋಯಿತು, ಗುಡ್ಡಮ್ಮನ ಕುರಿ ಉಳಿದವು.

ಮೀನಾ ತಲೆ ತಗ್ಗಿಸಿ ಅವಳ ಹತ್ತಿರ ಹೋದಳು. ನನ್ನಿಂದ ಇಷ್ಟೆಲ್ಲ ಆಯಿತು, ಈ ಕೆಲಸ ಇಲ್ಲಿಗೇ ನಿಲ್ಲಿಸುತ್ತೇನೆ ಎಂದಳು. ಗುಡ್ಡಮ್ಮ ಗೋಡೆ ಹಿಡಿದು ಎದ್ದಳು.

“ಯಾಕ್ ನಿಲ್ಲುಸ್ತಿ ಮಗ? ಊರು ಹೆಂಗ್ ಬದಲಾತು ಅಂತ ತೋರುಸ್ತೀನಿ ಅಂದಿದ್ಯಲ್ಲ. ತೆಗಿ. ಅವನೊಬ್ಬಂದಲ್ಲ, ನನ್ ಕುರಿ ಹೊರಡ್ಸಾಕೆ ಕುಂತಿದ್ರಲ್ಲ, ಇವ್ರೆಲ್ಲಾರ್ದೂ ತೆಗಿ.”

ಮೀನಾ ಕಣ್ಣೊರೆಸಿಕೊಂಡು ಕ್ಯಾಮೆರಾ ಎತ್ತಿದಳು. ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಮುಖ ತಿರುಗಿಸಿ ಎದ್ದು ಹೊರಟರು. ಮಲ್ಲಿಕಾರ್ಜುನಪ್ಪ ಮಾತ್ರ ಏಳಲಿಲ್ಲ. ತಲೆಯ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕ್ಯಾಮೆರಾವನ್ನು ನೇರವಾಗಿ ನೋಡುತ್ತ ಕೂತ.